ನಾಲಿಗೆ ಕಚ್ಚಿಕೊಳ್ಳುವುದು ಯಾವಾಗ? ಇಂಗ್ಲಿಷ್ ನುಡಿಗಟ್ಟುಗಳ ಗ್ರಹಿಕೆಯಲ್ಲಿ ಕನ್ನಡದ ಹುಸಿಸಾಮ್ಯ

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಅದರ ನುಡಿಗಟ್ಟುಗಳು ಏಕೆ ತೊಡಕಾಗುತ್ತವೆ ಎಂಬ ಪ್ರಶ್ನೆಗೆ ವಾಡಿಕೆಯ ಉತ್ತರವೊಂದಿದೆ: ಬಿಡಿ ಪದಗಳ ಅರ್ಥಗಳನ್ನು ಕೂಡಿಸಿದರೆ ಇಡೀ ನುಡಿಗಟ್ಟಿನ ಅರ್ಥ ಒದಗುವುದಿಲ್ಲ. ಈ ಉತ್ತರಕ್ಕೆ ಪಠ್ಯಪುಸ್ತಕಗಳು ಕರೆತರುವ ಸಾಕ್ಷಿ 'ಕಿಕ್ ದಿ ಬಕೆಟ್'. ಒದೆಯುವ ಕ್ರಿಯೆಯನ್ನೂ ಬಕೆಟ್ಟನ್ನೂ ಎಷ್ಟು ಬಲ್ಲವರಾದರೂ ಅಲ್ಲಿಂದ 'ಸಾಯು' ಎಂಬ ಅರ್ಥವನ್ನು ತಾವಾಗಿಯೇ ತಲಪಲಾರರು. ಉತ್ತರವೇನೋ ಸರಿ. ಆದರೆ ಅದು ವಿವರಿಸುವುದು ಕಷ್ಟದ ಒಂದು ಬಗೆಯನ್ನು ಮಾತ್ರ. ನನ್ನ ಅಭಿಪ್ರಾಯದಲ್ಲಿ, ಕಡಿಮೆ ಅಪಾಯದ ಬಗೆಯನ್ನು. ಅರ್ಥವಾಗದ ನುಡಿಗಟ್ಟು ತಾನು ಅರ್ಥವಾಗಿಲ್ಲವೆಂಬುದನ್ನು ಓದುಗರಿಗೆ ತಿಳಿಸಿಬಿಡುತ್ತದೆ. ಅವರು ನಿಲ್ಲುತ್ತಾರೆ, ನಿಘಂಟು ತೆರೆಯುತ್ತಾರೆ, ಬಲ್ಲವರನ್ನು ಕೇಳುತ್ತಾರೆ. ಅಲ್ಲದೆ ಇಂಥವು ಬಳಕೆಯಲ್ಲಿ ವಿರಳ. ಸುಮಾರು 1.8 ಕೋಟಿ ಪದಗಳ ಇಂಗ್ಲಿಷ್ ಪಠ್ಯಸಂಚಯವನ್ನು ಆಧರಿಸಿ ರೋಸಮಂಡ್ ಮೂನ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಥಿರ ಪದಗುಚ್ಛಗಳಲ್ಲಿ ಬಹುಪಾಲು ಹತ್ತು ಲಕ್ಷ ಪದಗಳಿಗೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ.

ಪ್ರಸ್ತುತ ಲೇಖನದ ಲಕ್ಷ್ಯ ಇನ್ನೊಂದು ಬಗೆ. ಇಂಗ್ಲಿಷಿನ ಕೆಲವು ನುಡಿಗಟ್ಟುಗಳ ಪದಗಳೂ ಚಿತ್ರವೂ ಕನ್ನಡದ ಯಾವುದೋ ನುಡಿಗಟ್ಟನ್ನು ಹೋಲುತ್ತವೆ. ಅರ್ಥ ಮಾತ್ರ ಬೇರೆಯಾಗಿರುತ್ತದೆ, ಕೆಲವೊಮ್ಮೆ ತದ್ವಿರುದ್ಧವಾಗಿರುತ್ತದೆ. ಇದನ್ನು ಹುಸಿಸಾಮ್ಯ ಎಂದು ಕರೆಯುತ್ತೇನೆ. ಕನ್ನಡ ಬಲ್ಲ ಓದುಗರು ಇಲ್ಲಿ ನಿಲ್ಲುವುದಿಲ್ಲ. ಅವರಿಗೆ ಅರ್ಥ ಆಗಲೇ ಸಿಕ್ಕಿರುತ್ತದೆ, ಆದರೆ ಅದು ಕನ್ನಡದ ಅರ್ಥ.

ಒಂದು ಕಲ್ಪಿತ ಸನ್ನಿವೇಶವನ್ನು ನೋಡೋಣ. ಸಭೆಯೊಂದರಲ್ಲಿ ಮುಖ್ಯಸ್ಥರು ಖರ್ಚಿನ ಅಂಕಿಯೊಂದನ್ನು ತಪ್ಪಾಗಿ ಹೇಳುತ್ತಾರೆ. ಪಕ್ಕದಲ್ಲಿ ಕುಳಿತ ಕಿರಿಯ ಸಹೋದ್ಯೋಗಿಯ ಬಗ್ಗೆ ಇಂಗ್ಲಿಷ್ ನಿರೂಪಕ 'ಶಿ ಬಿಟ್ ಹರ್ ಟಂಗ್' ಎನ್ನುತ್ತಾನೆ. ಮುಂದಿನ ವಾಕ್ಯ: ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ. ಇಂಗ್ಲಿಷಿನ ರೂಢಿಯಂತೆ ಆಕೆ ತಿದ್ದಬೇಕೆಂದುಕೊಂಡು, ತನ್ನನ್ನು ತಡೆದುಕೊಂಡು, ಮಾತಾಡದೆ ಉಳಿದಳು. ಕನ್ನಡದಲ್ಲಿ ನಾಲಿಗೆ ಕಚ್ಚಿಕೊಳ್ಳುವುದು ಮಾತಾಡಿದ ಮೇಲೆ. ಬಾಯಿ ತಪ್ಪಿ ಏನನ್ನೋ ಆಡಿ, ಆಡಬಾರದಿತ್ತೆಂದು ಹೊಳೆದ ಕ್ಷಣದಲ್ಲಿ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಹಿಡಿಯುವ ಹಾವಭಾವವೇ ಇಲ್ಲಿ ನುಡಿಗಟ್ಟಾಗಿದೆ. ಹಾಗಾಗಿ ಕನ್ನಡದ ಕಿವಿಯಿಂದ ಈ ವಾಕ್ಯವನ್ನು ಕೇಳಿದವರಿಗೆ ಆಕೆ ಮುಖ್ಯಸ್ಥರ ತಪ್ಪನ್ನು ತುಂಬಿದ ಸಭೆಯಲ್ಲಿ ಆಡಿಯೇ ಬಿಟ್ಟಳು, ಆಮೇಲೆ ಪೇಚಾಡಿದಳು. ಒಂದು ಓದಿನಲ್ಲಿ ಆಕೆ ಮೌನಿ, ಇನ್ನೊಂದರಲ್ಲಿ ಮಾತು ಜಾರಿದವಳು. ಮುಂದಿನ ವಾಕ್ಯ ಎರಡಕ್ಕೂ ಹೊಂದುತ್ತದೆ. ಸಂದರ್ಭದ ನೆರವಿನಿಂದ ಊಹಿಸಿ ಎಂಬ ತರಗತಿಯ ಸಲಹೆಯನ್ನು ಅಕ್ಷರಶಃ ಪಾಲಿಸಿದವರು ಕೂಡ ಇಲ್ಲಿ ತಪ್ಪು ಓದಿನಿಂದ ಪಾರಾಗಲಾರರು, ಏಕೆಂದರೆ ಸಂದರ್ಭವೇ ಆ ತಪ್ಪು ಓದಿಗೆ ಒಪ್ಪಿಗೆ ಕೊಟ್ಟಿದೆ.

ಇಂಥ ಜೋಡಿಗಳು ಅಪರೂಪವೇನಲ್ಲ. 'ಫೈರ್ ಇನ್ ದಿ ಬೆಲ್ಲಿ' ಇಂಗ್ಲಿಷಿನಲ್ಲಿ ಮೆಚ್ಚುಗೆಯ ಮಾತು. ಸಾಧಿಸಬೇಕೆಂಬ ಛಲ ಉಳ್ಳವರನ್ನು ಹಾಗೆನ್ನುತ್ತಾರೆ. ಅದರ ಪದಪದದ ಕನ್ನಡ ರೂಪ ಹೊಟ್ಟೆಕಿಚ್ಚು. ಹೊಟ್ಟೆಯಲ್ಲಿ ಬೆಂಕಿಯಿರುವ ಅಭ್ಯರ್ಥಿಯನ್ನು ಶಿಫಾರಸು ಪತ್ರ ಹೊಗಳುತ್ತಿದೆಯೋ ಅಸೂಯಾಪರನೆಂದು ಎಚ್ಚರಿಸುತ್ತಿದೆಯೋ ಎಂಬ ಗೊಂದಲಕ್ಕೆ ಇಲ್ಲಿ ಎಡೆಯಿದೆ. ಆದರೂ ಹೊಗಳಿಕೆಯ ನಡುವೆ ಬೈಗುಳ ಬಂದಂತೆ ತೋರಿದರೆ ಓದುಗರು ಅನುಮಾನಪಟ್ಟಾರು. ನಾಲಿಗೆಯ ಉದಾಹರಣೆಯಷ್ಟು ಇದು ಕಪಟಿಯಲ್ಲ.

'ಥಿಕ್ ಸ್ಕಿನ್' ಹೆಚ್ಚು ಸೂಕ್ಷ್ಮವಾದದ್ದು. ದಪ್ಪ ಚರ್ಮದವರು, ಎಮ್ಮೆ ಚರ್ಮದವರು ಎಂದು ಕನ್ನಡದಲ್ಲಿ ಹೇಳುವುದು ಎಷ್ಟು ಹೇಳಿದರೂ ನಾಚಿಕೆಯಿಲ್ಲದವರನ್ನು. ಇಂಗ್ಲಿಷಿನಲ್ಲಿಯೂ ನಿಂದೆಯ ಛಾಯೆ ಇರಬಲ್ಲದು. ಆದರೆ ಟೀಕೆಗೆ ಕುಗ್ಗದಿರುವ ಗುಣವೆಂಬ ಮೆಚ್ಚುಗೆಯ ಬಳಕೆಯೂ ಅಷ್ಟೇ ಸಹಜ. ಪ್ರಬಂಧವನ್ನು ಪತ್ರಿಕೆಗೆ ಕಳಿಸಹೊರಟ ಸಂಶೋಧನಾರ್ಥಿಗೆ 'ಯು ವಿಲ್ ನೀಡ್ ಎ ಥಿಕ್ ಸ್ಕಿನ್' ಎಂದವರು, ಪರಿಶೀಲಕರು ಏನೆಂದರೂ ಎದೆಗುಂದಬೇಡ ಎನ್ನುತ್ತಿರುತ್ತಾರೆ. ಮಾತಿಗೆ ಬಗ್ಗದ ಮೊಂಡನಾಗು ಎಂದಲ್ಲ. ಇಲ್ಲಿ ಚಿತ್ರ ಒಂದೇ, ವಾಚ್ಯಾರ್ಥದಿಂದ ಲಕ್ಷ್ಯಾರ್ಥಕ್ಕೆ ಹೋಗುವ ದಾರಿಯೂ ಬಹುಮಟ್ಟಿಗೆ ಒಂದೇ. ವ್ಯತ್ಯಾಸವಿರುವುದು ಆ ಗುಣಕ್ಕೆ ಕಟ್ಟುವ ಬೆಲೆಯಲ್ಲಿ.

ಬೆಲೆಯ ಇಂಥ ವ್ಯತ್ಯಾಸ ಬಿಡಿ ನುಡಿಗಟ್ಟುಗಳಾಚೆಗೂ ಹಬ್ಬಿದೆ. ಇಂಗ್ಲಿಷಿನಲ್ಲಿ ಶೀತವೆಂದರೆ ಅನಾದರ, ಬಿಸುಪೆಂದರೆ ಅಕ್ಕರೆ: 'ಕೋಲ್ಡ್ ಶೋಲ್ಡರ್', 'ವಾರ್ಮ್ ವೆಲ್ಕಮ್'. ಕನ್ನಡದ ಹರಕೆಯೋ 'ನಿನ್ನ ಹೊಟ್ಟೆ ತಣ್ಣಗಿರಲಿ'. ಉಪಕಾರ ಮಾಡಿದವರನ್ನು ನೆನೆಯುವುದು ತಣ್ಣನೆಯ ಹೊತ್ತಿನಲ್ಲಿ; ಮಾತು ಕೇಳದವರಿಗೆ ಮುಟ್ಟಿಸುವುದು ಬಿಸಿ. ಕೋಪ ಎರಡೂ ಕಡೆ ಕುದಿಯುತ್ತದೆ, ರಕ್ತವೂ ಕುದಿಯುತ್ತದೆ. ಅಲ್ಲಿ ಸಾಮ್ಯ ನಿಜ. ಹಾಗಾಗಿ ದೇಹಾನುಭವ ಎಲ್ಲ ಮನುಷ್ಯರಿಗೂ ಸಮಾನ, ಆದ್ದರಿಂದ ದೇಹಮೂಲದ ನುಡಿಗಟ್ಟುಗಳು ಕಲಿಯುವವರಿಗೆ ಸುಲಭ ಎಂಬ ವಾದವನ್ನು ಅರ್ಧ ಮಾತ್ರ ಒಪ್ಪಬಹುದು. ದೇಹ ಸಮಾನವಾಗಿರುವುದರಿಂದಲೇ ಹುಸಿಸಾಮ್ಯ ಹೆಚ್ಚಾಗಿ ದೇಹದ ಪದಗಳಲ್ಲಿ ಹುಟ್ಟುತ್ತದೆ. ಹಿತ್ತಾಳೆ ಕಿವಿಯವರು ಚಾಡಿ ಹೇಳಿದ್ದನ್ನೆಲ್ಲ ನಂಬುವವರು. 'ಟಿನ್ ಇಯರ್' ಇರುವವರಿಗೆ ಸಂಗೀತದ ಅಥವಾ ಮಾತಿನ ನಯ ತಿಳಿಯದು. ಕಿವಿಯೂ ಲೋಹವೂ ಎರಡರಲ್ಲೂ ಇವೆ, ಸಂಬಂಧವಿಲ್ಲ.

'ಪುಲ್ ಸಮ್‌ವನ್ಸ್ ಲೆಗ್' ಬೇರೊಂದು ಕಾರಣಕ್ಕೆ ಕುತೂಹಲಕರ. ಕನ್ನಡದ ಕಾಲೆಳೆಯುವಿಕೆಗೆ ಎರಡು ಅರ್ಥಗಳಿವೆ: ಮೇಲೇರುತ್ತಿರುವವರನ್ನು ಕೆಳಗೆ ಬೀಳಿಸಲು ಯತ್ನಿಸುವುದು, ಮತ್ತು ಗೇಲಿ ಮಾಡುವುದು. ಇಂದಿನ ಪತ್ರಿಕಾ ಕನ್ನಡದಲ್ಲಿ ಎರಡನೆಯದು ಧಾರಾಳವಾಗಿ ಕಾಣುತ್ತದೆ. ಅದರ ಬೆಳವಣಿಗೆಯಲ್ಲಿ ಇಂಗ್ಲಿಷಿನ ಪಾಲಿದೆಯೆಂದು ನನ್ನ ಊಹೆ. ಇಂಗ್ಲಿಷಿನ ಮೂಲಾರ್ಥ ಇನ್ನೂ ಕಿರಿದು: ಸುಳ್ಳನ್ನು ನಿಜವೆಂದು ನಂಬಿಸುವ ನಿರುಪದ್ರವಿ ತಮಾಷೆ. 'ಯು ಆರ್ ಪುಲ್ಲಿಂಗ್ ಮೈ ಲೆಗ್' ಎಂಬುದಕ್ಕೆ ಹೊಂದುವ ಕನ್ನಡ 'ಸುಮ್ಮನೆ ತಮಾಷೆ ಮಾಡಬೇಡಿ'. ಭಾರತೀಯ ಇಂಗ್ಲಿಷಿನಲ್ಲಿ ಮಾತ್ರ 'ಲೆಗ್ ಪುಲ್ಲಿಂಗ್' ಎಂಬುದು ಏಳಿಗೆಗೆ ಅಡ್ಡಗಾಲು ಹಾಕುವುದೆಂಬ ಅರ್ಥದಲ್ಲಿಯೂ ನೆಲೆಯೂರಿದೆ. ಇದನ್ನು ತಪ್ಪೆನ್ನಬೇಕೆ? ಇಂಗ್ಲಿಷಿನ ಬಗೆಗಳು ಹಲವು, ಅವಕ್ಕೆ ತಮ್ಮವೇ ರೂಢಿಗಳಿವೆ ಎಂಬ ಬ್ರಜ್ ಕಚ್ರು ಅವರ ನಿಲುವನ್ನು ಒಪ್ಪಿದರೆ, ಮಾತಾಡುವವರೂ ಕೇಳುವವರೂ ಒಂದೇ ರೂಢಿಯವರಾಗಿರುವ ತನಕ ಇಲ್ಲಿ ತಪ್ಪಿಲ್ಲ. ಒಬ್ಬರು ಬೆಂಗಳೂರಿನ ರೂಢಿಯಲ್ಲಿ ಹೇಳಿ ಇನ್ನೊಬ್ಬರು ಲಂಡನ್ನಿನ ರೂಢಿಯಲ್ಲಿ ಕೇಳಿದಾಗ ಮಾತ್ರ ಸಂವಹನ ಕೆಡುತ್ತದೆ. ಕೆಟ್ಟಿದ್ದು ಇಬ್ಬರಿಗೂ ತಿಳಿಯದೆ ಹೋಗುವ ಸಾಧ್ಯತೆಯೇ ಹೆಚ್ಚು.

ಸಿದ್ಧಾಂತಗಳಲ್ಲಿ ಇದಕ್ಕೆ ಎಡೆಯೆಲ್ಲಿ?

ನುಡಿಗಟ್ಟಿನ ಗ್ರಹಿಕೆಯನ್ನು ಕುರಿತ ಮನೋಭಾಷಾವೈಜ್ಞಾನಿಕ ಚರ್ಚೆ ಬಹುಕಾಲ ಒಂದೇ ಭಾಷೆಯೊಳಗೆ ನಡೆಯಿತು. ನುಡಿಗಟ್ಟು ಉದ್ದನೆಯ ಪದದಂತೆ ಮನೋಕೋಶದಲ್ಲಿರುತ್ತದೆ, ವಾಚ್ಯಾರ್ಥದ ಸಂಸ್ಕರಣೆಯ ಜೊತೆಜೊತೆಗೇ ದೊರೆಯುತ್ತದೆ ಎಂದು ಸ್ವಿನ್ನಿ ಮತ್ತು ಕಟ್ಲರ್ 1979ರಲ್ಲಿ ವಾದಿಸಿದರು. ತಕ್ಕ ಸಂದರ್ಭದಲ್ಲಿ ರೂಢಾರ್ಥ ನೇರವಾಗಿಯೇ ದಕ್ಕುತ್ತದೆ, ವಾಚ್ಯಾರ್ಥವನ್ನು ಮೊದಲು ಪೂರ್ತಿಯಾಗಿ ಕಟ್ಟಬೇಕಿಲ್ಲ ಎಂಬುದು ಗಿಬ್ಸ್ ಅವರ ನಿಲುವು. ಪದಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಯಾವುದೋ ಒಂದು ಪದದಲ್ಲಿ ಇಡೀ ವಿನ್ಯಾಸದ ಗುರುತು ಹತ್ತುತ್ತದೆ ಎಂದು ಇಟಲಿಯ ಕಾಚಾರಿ ಮತ್ತು ತಬೋಸ್ಸಿ 1988ರಲ್ಲಿ ಮಂಡಿಸಿದರು. ಈ ಮೂರೂ ಊಹಿಸಿಕೊಳ್ಳುವ ಓದುಗರ ತಲೆಯಲ್ಲಿ ಇರುವುದು ಒಂದೇ ಕೋಶ. ಕನ್ನಡ ಬಲ್ಲ ಇಂಗ್ಲಿಷ್ ಓದುಗರ ತಲೆಯಲ್ಲಿ ಎರಡಿವೆ. ಗುರುತು ಹತ್ತಬಹುದು, ಬೇರೆ ಕೋಶದಲ್ಲಿ.

ಇದು ಬರಿಯ ಊಹೆಯಲ್ಲ ಎನ್ನಲು ಒಂದು ಆಧಾರವಿದೆ. ಕ್ಯಾರಲ್ ಮತ್ತು ಕಾಂಕ್ಲಿನ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚೀನೀ–ಇಂಗ್ಲಿಷ್ ದ್ವಿಭಾಷಿಕರಿಗೆ ಚೀನೀ ನುಡಿಗಟ್ಟುಗಳ ಇಂಗ್ಲಿಷ್ ಅನುವಾದಗಳನ್ನು ತೋರಿಸಿದರು. ಹಾವಿನ ಚಿತ್ರ ಬರೆದು ಕಾಲು ಸೇರಿಸು ಎಂಬುದು ಅಂಥ ಒಂದು. ಬೇಡದ್ದನ್ನು ಸೇರಿಸಿ ಕೆಲಸ ಕೆಡಿಸುವುದೆಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಅಂಥ ನುಡಿಗಟ್ಟೇ ಇಲ್ಲ. ಆದರೂ ಆ ದ್ವಿಭಾಷಿಕರು ಕೊನೆಯ ಪದವನ್ನು ಹೆಚ್ಚು ಬೇಗ ಗುರುತಿಸಿದರು. ಚೀನೀ ತಿಳಿಯದ ಇಂಗ್ಲಿಷಿನವರಿಗೆ ಆ ಅನುಕೂಲ ಒದಗಲಿಲ್ಲ. ಎರಡನೆಯ ಭಾಷೆಯ ಪದಗಳು ಮೊದಲ ಭಾಷೆಯ ನುಡಿಗಟ್ಟನ್ನು ಎಚ್ಚರಿಸಬಲ್ಲವೆಂದಾಯಿತು. ಹಾಗೆ ಎಚ್ಚರಗೊಂಡ ನುಡಿಗಟ್ಟಿಗೆ ಇಂಗ್ಲಿಷಿನಲ್ಲಿ ತದ್ರೂಪಿಯೊಂದಿದ್ದು ಅರ್ಥ ಬೇರೆಯಾಗಿದ್ದರೆ ಏನಾಗುತ್ತದೆ ಎಂಬುದೇ ನಮ್ಮ ಪ್ರಶ್ನೆ.

ಇದನ್ನು ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯಲ್ಲಿ ಇನ್ನಷ್ಟು ನಿಖರವಾಗಿ ಹೇಳಬಹುದು. ಲಕ್ಷಣೆ ಪ್ರವರ್ತಿಸಲು ಮಮ್ಮಟ 'ಕಾವ್ಯಪ್ರಕಾಶ'ದಲ್ಲಿ ಮೂರು ನಿಬಂಧನೆಗಳನ್ನು ಹೇಳುತ್ತಾನೆ: ಮುಖ್ಯಾರ್ಥಕ್ಕೆ ಬಾಧೆ ಬರಬೇಕು, ಲಕ್ಷ್ಯಾರ್ಥಕ್ಕೆ ಮುಖ್ಯಾರ್ಥದೊಡನೆ ಸಂಬಂಧವಿರಬೇಕು, ಮತ್ತು ರೂಢಿ ಅಥವಾ ಪ್ರಯೋಜನ ಕಾರಣವಾಗಿರಬೇಕು. ಹುಸಿಸಾಮ್ಯದ ನುಡಿಗಟ್ಟನ್ನು ಓದುವವರಲ್ಲಿ ಮೊದಲೆರಡು ನಿಬಂಧನೆಗಳು ಸರಿಯಾಗಿಯೇ ಪೂರೈಸುತ್ತವೆ. ಆಕೆ ನಿಜಕ್ಕೂ ನಾಲಿಗೆಯನ್ನು ಗಾಯ ಮಾಡಿಕೊಳ್ಳಲಿಲ್ಲವೆಂಬುದು ಅವರಿಗೆ ಗೊತ್ತು. ನಾಲಿಗೆಗೂ ಮಾತಿಗೂ ಇರುವ ಸಂಬಂಧವೂ ಗೊತ್ತು. ಮೂರನೆಯದರಲ್ಲಿ ರೂಢಿಯೂ ಇದೆ, ಆದರೆ ಪಕ್ಕದ ಭಾಷೆಯದು. ಒಂದು ಭಾಷೆಯ ಪದಗಳಿಗೆ ಇನ್ನೊಂದು ಭಾಷೆಯ ರೂಢಿ ಅನ್ವಯವಾಗಬಹುದೆಂಬ ಸಾಧ್ಯತೆ ಆ ಸೂತ್ರೀಕರಣದ ಲೆಕ್ಕದಲ್ಲಿ ಇದ್ದಂತಿಲ್ಲ. ಪ್ರಾಕೃತ–ಸಂಸ್ಕೃತಗಳ ನಡುವೆ ಸಲೀಸಾಗಿ ಓಡಾಡುತ್ತಿದ್ದ ಪರಂಪರೆಯಲ್ಲಿ ಈ ಮೌನ ಸ್ವಲ್ಪ ಅಚ್ಚರಿಯದೇ.

ಎರಡನೆಯ ಭಾಷೆಯ ಅಧ್ಯಯನಗಳತ್ತ ಬಂದರೆ ಮೊದಲು ನೆನೆಯಬೇಕಾದದ್ದು ಸುಸಾನ್ ಇರುಹೊ ಅವರ 1986ರ ಲೇಖನವನ್ನು. ಸ್ಪ್ಯಾನಿಷ್ ಮಾತಾಡುವ ವೆನೆಜುವೆಲಾದ ಮುಂದುವರಿದ ಕಲಿಯುವವರಿಗೆ ಅವರು ಮೂರು ಗುಂಪಿನ ನುಡಿಗಟ್ಟುಗಳನ್ನು ಕೊಟ್ಟರು: ಎರಡೂ ಭಾಷೆಗಳಲ್ಲಿ ಒಂದೇ ಆಗಿರುವವು, ತುಸು ಬೇರೆಯಾಗಿರುವವು, ಪೂರ್ಣ ಬೇರೆಯಾಗಿರುವವು. ಒಂದೇ ಆಗಿರುವವು ಸುಲಭ, ಪೂರ್ಣ ಬೇರೆಯಾದವು ಕಷ್ಟ. ತುಸು ಬೇರೆಯಾದವುಗಳ ಗ್ರಹಿಕೆ ಚೆನ್ನಾಗಿದ್ದರೂ ಪ್ರಯೋಗದಲ್ಲಿ ಮೊದಲ ಭಾಷೆ ಅಡ್ಡ ಬರುತ್ತದೆ. ಕನ್ನಡಕ್ಕೆ ಅನ್ವಯಿಸಿದರೆ ಮೊಸಳೆ ಕಣ್ಣೀರು, ಮೂಗು ತೂರಿಸು, ಬೆನ್ನು ತಟ್ಟು ಮೊದಲ ಗುಂಪಿಗೆ ಸೇರುತ್ತವೆ. ಇಂಗ್ಲಿಷಿನವರು ಬೆಂಕಿಗೆ ಉರುವಲು ಹಾಕುವಲ್ಲಿ ಕನ್ನಡದವರು ತುಪ್ಪ ಸುರಿಯುವುದು ಎರಡನೆಯದಕ್ಕೆ. ಆದರೆ ರೂಪ ಒಂದೇ, ಅರ್ಥ ಬೇರೆ ಎಂಬ ನಾಲ್ಕನೆಯ ಕೋಣೆ ಈ ವರ್ಗೀಕರಣದಲ್ಲಿಲ್ಲ. ದೊಬ್ರೊವೊಲ್‌ಸ್ಕಿ ಮತ್ತು ಪಿರೈನೆನ್ 2005ರ ಗ್ರಂಥದಲ್ಲಿ ಆ ಕೋಣೆಯನ್ನು ವಿಸ್ತಾರವಾಗಿಯೇ ಚರ್ಚಿಸಿದ್ದಾರೆ. ಆದರೆ ಅವರ ಆಸಕ್ತಿ ಭಾಷೆಗಳ ಹೋಲಿಕೆಯಲ್ಲಿ, ಕಲಿಯುವವರ ತಪ್ಪುಗ್ರಹಿಕೆಯಲ್ಲಲ್ಲ.

ಇನ್ನೊಂದು ಆಕ್ಷೇಪವನ್ನು ಎದುರಿಸಬೇಕು. ನೆದರ್ಲೆಂಡ್ಸ್‌ನ ಕಲಿಯುವವರು ಡಚ್ ನುಡಿಗಟ್ಟನ್ನು ಹೋಲುವ ಇಂಗ್ಲಿಷ್ ನುಡಿಗಟ್ಟುಗಳನ್ನು ಇವು ಇಂಗ್ಲಿಷೇ ಅಲ್ಲವೆಂದು ತಳ್ಳಿಹಾಕುವುದನ್ನು ಕೆಲ್ಲರ್ಮನ್ 1970ರ ದಶಕದಲ್ಲಿ ಗುರುತಿಸಿದ್ದರು. ನಮ್ಮ ಮನೆಯ ಮಾತು ಅವರ ಮನೆಯಲ್ಲಿರಲಾರದು ಎಂಬ ಸಂಕೋಚ ಅದು. ಅಷ್ಟು ಹತ್ತಿರದ ಭಾಷೆಗಳಲ್ಲೇ ಹೀಗಾದರೆ ಕನ್ನಡದವರು ಇಂಗ್ಲಿಷಿಗೆ ತಮ್ಮ ನುಡಿಗಟ್ಟಿನ ಅರ್ಥವನ್ನು ಏಕೆ ಹೊರಿಸುತ್ತಾರೆ? ಸಂಕೋಚ ಕೆಲಸ ಮಾಡುವುದು ಪ್ರಯೋಗದಲ್ಲಿ ಮತ್ತು ತೀರ್ಪು ಕೊಡುವಾಗ ಎಂದು ನನ್ನ ಉತ್ತರ. ಬರೆಯುವಾಗ ಹೊಟ್ಟೆಕಿಚ್ಚನ್ನು ಯಾರೂ 'ಫೈರ್ ಇನ್ ದಿ ಬೆಲ್ಲಿ' ಎಂದು ಬರೆಯಲಾರರು. ಓದುವಾಗ ನುಡಿಗಟ್ಟು ಎದುರಿಗೇ ಇದೆ, ಇಂಗ್ಲಿಷಿನವರೇ ಬಳಸಿದ್ದಾರೆ. ಅಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಪಾರದರ್ಶಕತೆಯ ಅಳತೆಗೂ ಇದು ಪೆಟ್ಟು ಕೊಡುತ್ತದೆ. ಕೈಸರ್ ಮತ್ತು ಬ್ಲೈ 1995ರಲ್ಲಿ 'ದಿ ಗೂಸ್ ಹ್ಯಾಂಗ್ಸ್ ಹೈ'ಯಂಥ, ಬಳಕೆ ತಪ್ಪಿದ ನುಡಿಗಟ್ಟುಗಳನ್ನು ಆಯ್ದರು. ಕೆಲವರಿಗೆ ಮೂಲ ಅರ್ಥವನ್ನೂ ಕೆಲವರಿಗೆ ಅದಕ್ಕೆ ವಿರುದ್ಧವಾದುದನ್ನೂ ಕಲಿಸಿದರು. ಯಾವುದನ್ನು ಕಲಿತರೋ ಅದೇ ಸಹಜವೆಂದು, ಮೊದಲ ಸಲ ಕೇಳಿದವರಿಗೂ ಅದೇ ಹೊಳೆಯುವುದೆಂದು ಅವರಿಗೆ ತೋರಿತು. ಪಾರದರ್ಶಕತೆ ಬಹಳ ಮಟ್ಟಿಗೆ ಅರ್ಥ ಗೊತ್ತಿರುವುದರ ಫಲ ಎಂದಾಯಿತು. ಇಂಗ್ಲಿಷ್ ಮಾತೃಭಾಷಿಕರಿಂದ ಸಂಗ್ರಹಿಸಿದ ಪಾರದರ್ಶಕತೆಯ ಅಂಕಗಳನ್ನು ನಮ್ಮ ಪ್ರಬಂಧಗಳಲ್ಲಿ ಹಾಗೆಯೇ ಎತ್ತಿಕೊಳ್ಳುವ ರೂಢಿ ಈ ಕಾರಣಕ್ಕೆ ಕಳವಳದ್ದು. 'ಬೈಟ್ ಒನ್ಸ್ ಟಂಗ್' ಅವರಿಗೂ ಪಾರದರ್ಶಕ, ಇವರಿಗೂ ಪಾರದರ್ಶಕ. ಗಾಜಿನಾಚೆ ಕಾಣುವ ದೃಶ್ಯ ಬೇರೆ.

ಓದುವ ವೇಗದ ಅಳತೆಗೂ ಇದೇ ಗತಿ. ಸಿಯಾನೋವಾ-ಚಂತೂರಿಯಾ, ಕಾಂಕ್ಲಿನ್ ಮತ್ತು ಶ್ಮಿಟ್ 2011ರಲ್ಲಿ ಕಣ್ಣಿನ ಚಲನೆಯನ್ನು ಅಳೆದಾಗ, ಎರಡನೆಯ ಭಾಷಿಕರು ರೂಢಾರ್ಥದ ಬಳಕೆಯನ್ನು ವಾಚ್ಯಾರ್ಥದ ಬಳಕೆಗಿಂತ ನಿಧಾನವಾಗಿ ಓದಿದರು. ಹುಸಿಸಾಮ್ಯದಲ್ಲಿ ಆ ನಿಧಾನ ಕಾಣದೆ ಹೋಗಬಹುದೆಂದು ನನ್ನ ನಿರೀಕ್ಷೆ. ಹಾಗಾದರೆ ಕಣ್ಣು ತಡವರಿಸಲಿಲ್ಲ ಎಂಬುದನ್ನು ಅರ್ಥವಾದದ್ದರ ಗುರುತಾಗಿ ಓದಲು ಬರುವುದಿಲ್ಲ.

ವ್ಯಾಕರಣದ ಸೂಚನೆಗಳು

ಪದಗಳು ಮೋಸಮಾಡಿದಲ್ಲಿ ವ್ಯಾಕರಣ ಎಚ್ಚರಿಸಬಾರದೆ? ಎಚ್ಚರಿಸುತ್ತದೆ. ಆದರೆ ಎರಡು ಭಾಷೆಗಳು ಎಚ್ಚರಿಸುವ ಜಾಗ ಬೇರೆಬೇರೆ. 'ಕೈ'ಯನ್ನೇ ತೆಗೆದುಕೊಳ್ಳಿ. 'ಗಿವ್ ಎ ಹ್ಯಾಂಡ್' ಎಂದರೆ ನೆರವಾಗು. 'ಗಿವ್ ಎ ಬಿಗ್ ಹ್ಯಾಂಡ್' ಎಂದರೆ ಚಪ್ಪಾಳೆ ತಟ್ಟು. 'ಗಿವ್ ಹರ್ ಹ್ಯಾಂಡ್' ಎಂಬುದು, 'ಹರ್' ಸ್ವಾಮ್ಯಸೂಚಕವಾಗಿದ್ದಾಗ, ಮದುವೆಗೆ ಒಪ್ಪುವ ಮಾತು. ಒಂದೇ ಕ್ರಿಯಾಪದ, ಒಂದೇ ನಾಮಪದ. ಮೂರು ಅರ್ಥಗಳನ್ನು ಬೇರೆಮಾಡುವವು ನಡುವಣ ಚಿಕ್ಕ ಪದಗಳು. ಕನ್ನಡದಲ್ಲಿ 'ಎ', 'ದಿ'ಗಳಂಥ ಉಪಪದಗಳಿಲ್ಲ. ಅವುಗಳಿಗೆ ಕಿವಿಗೊಡುವ ಅಭ್ಯಾಸವಿಲ್ಲದ ಓದುಗರು 'ಗಿವ್' ಮತ್ತು 'ಹ್ಯಾಂಡ್' ಎರಡನ್ನೇ ಹಿಡಿದುಕೊಂಡರೆ ಎದುರಾಗುವುದು ಕೈಕೊಡು. ಮಳೆ ಕೈಕೊಟ್ಟಿತು, ಗೆಳೆಯ ಕೈಕೊಟ್ಟ: ನೆರವಿಗೆ ನೇರ ವಿರುದ್ಧ.

ಕನ್ನಡ ತನ್ನ ಸೂಚನೆಯನ್ನು ವಿಭಕ್ತಿಯಲ್ಲಿ ಇಡುತ್ತದೆ. 'ಗೆಳೆಯ ಕೈ ಕೊಟ್ಟ' ಎಂಬಲ್ಲಿ ದ್ವಿತೀಯಾ ಪ್ರತ್ಯಯವಿಲ್ಲ. 'ಗೆಳೆಯ ಕೈಯನ್ನು ಕೊಟ್ಟ' ಎಂದೊಡನೆ ರೂಢಾರ್ಥ ಕರಗಿ ನಿಜವಾದ ಕೈ ಮುಂದೆ ಬರುತ್ತದೆ. ಈ ಸೂಚನೆ ಏಕಮುಖಿ. ಪ್ರತ್ಯಯವಿಲ್ಲದ ಮಾತ್ರಕ್ಕೆ ನುಡಿಗಟ್ಟೆನ್ನಲಾಗದು, ಹೊಂಡದಲ್ಲಿ ಬಿದ್ದವರಿಗೆ 'ಕೈ ಕೊಡಿ' ಎಂದರೆ ಕೈಯೇ. ಎಲ್ಲ ನುಡಿಗಟ್ಟುಗಳೂ ಪ್ರತ್ಯಯವನ್ನು ಹೊರಗಿಡುವುದೂ ಇಲ್ಲ. 'ನಾಲಿಗೆಯನ್ನು ಹರಿಯಬಿಟ್ಟ', 'ಎಲ್ಲದರಲ್ಲೂ ಮೂಗನ್ನು ತೂರಿಸುತ್ತಾನೆ' ಎಂದರೂ ರೂಢಾರ್ಥ ಉಳಿಯುತ್ತದೆ. ನನ್ಬರ್ಗ್, ಸ್ಯಾಗ್ ಮತ್ತು ವಾಸೊ 1994ರಲ್ಲಿ ಮಾಡಿದ ವಿಂಗಡಣೆ ಇಲ್ಲಿ ಉಪಯುಕ್ತ: ಕೆಲವು ನುಡಿಗಟ್ಟುಗಳಲ್ಲಿ ಅರ್ಥ ಬಿಡಿಭಾಗಗಳಿಗೆ ಹಂಚಿಹೋಗಿರುತ್ತದೆ, ಕೆಲವದರಲ್ಲಿ ಇಡಿಯಾಗಿ ಅಂಟಿರುತ್ತದೆ. ಹರಿಯಬಿಡುವ ನಾಲಿಗೆಗೆ ಮಾತು ಎಂಬ ಅರ್ಥ ಕೊಡಬಹುದು. ಕೈಕೊಡುವ ಕೈಗೆ ಯಾವ ಅರ್ಥವನ್ನು ಕೊಡುವುದು? ಹಂಚಿಕೆಯುಳ್ಳವು ಪ್ರತ್ಯಯವನ್ನು ಸಹಿಸುತ್ತವೆ, ಇಲ್ಲದವು ಸಹಿಸುವುದಿಲ್ಲ ಎಂಬುದು ನನ್ನ ಊಹೆ. ದೊಡ್ಡ ಪಠ್ಯಸಂಚಯದ ಮೇಲೆ ಇದನ್ನು ಪರೀಕ್ಷಿಸುವುದು ಡಾಕ್ಟರೇಟ್ ಪ್ರಬಂಧವೊಂದಕ್ಕೆ ಸಾಲುವಷ್ಟು ಕೆಲಸ.

ತರಗತಿ ಮತ್ತು ಪ್ರಶ್ನಾವಳಿ

ಥಾಮಸ್ ಕೂಪರ್ 1999ರಲ್ಲಿ, ಕಲಿಯುವವರು ಯೋಚಿಸುತ್ತಿರುವುದನ್ನು ಗಟ್ಟಿಯಾಗಿ ಹೇಳುವಂತೆ ಮಾಡಿ ಗಮನಿಸಿದಾಗ, ಹೆಚ್ಚಾಗಿ ಬಳಕೆಯಾದ ತಂತ್ರ ಸಂದರ್ಭದಿಂದ ಊಹಿಸುವು‌ದೇ ಆಗಿತ್ತು. ಅದನ್ನು ಕೈಬಿಡಬೇಕಿಲ್ಲ. ಹುಸಿಸಾಮ್ಯಕ್ಕೆ ಮಾತ್ರ ಅದು ಮದ್ದಲ್ಲ. ಅಲ್ಲಿ ಬೇಕಾದದ್ದು ಎರಡು ರೂಢಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವುದು. ಪರೀಕ್ಷೆಯಲ್ಲಿ ನುಡಿಗಟ್ಟಿನ ಅರ್ಥವೇನೆಂದು ಕೇಳುವುದಕ್ಕಿಂತ 'ಆಕೆ ಮಾತಾಡಿದಳೇ, ಇಲ್ಲವೇ?' ಎಂದು ಕೇಳಬೇಕು. ಎರಡು ಓದುಗಳನ್ನು ಬೇರ್ಪಡಿಸುವ ಪ್ರಶ್ನೆ ಅದೊಂದೇ. ಪ್ರೌಢಶಾಲೆಯ ವ್ಯಾಕರಣ ಪುಸ್ತಕಗಳ ಕೊನೆಯಲ್ಲಿ ಬರುವ ನುಡಿಗಟ್ಟಿನ ಪಟ್ಟಿಗಳು ಈ ಕೆಲಸಕ್ಕೆ ಬಾರವು. 'ಕಿಕ್ ದಿ ಬಕೆಟ್'ಗೆ 'ಸಾಯು' ಎಂದು ಅರ್ಥ ಬರೆದು ಅವು ಮುಂದೆ ಹೋಗುತ್ತವೆ. ಅದರ ನಿಜವಾದ ಜೊತೆಗಾರ ಕನ್ನಡದ 'ಗೊಟಕ್ಕೆನ್ನು' ಎಂದು ತಿಳಿಸಿದ್ದರೆ ಸಂತಾಪಸೂಚನೆಯಲ್ಲಿ ಅದನ್ನು ಬಳಸುವ ಆಪತ್ತಾದರೂ ತಪ್ಪೀತು.

ನುಡಿಗಟ್ಟಿನ ಮೂಲವನ್ನು ತಿಳಿಸಿ ಕಲಿಸಿದರೆ ನೆನಪು ಗಟ್ಟಿಯಾಗುತ್ತದೆ ಎಂದು ಫ್ರಾಂಕ್ ಬೋರ್ಸ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದಾರೆ. ಕರ್ನಾಟಕದಲ್ಲಿ ಈ ವಿಧಾನದ ಫಲ ಮೂಲಕ್ಷೇತ್ರವನ್ನು ಅವಲಂಬಿಸಿರುತ್ತದೆ. 'ಸ್ಟಿಕಿ ವಿಕೆಟ್', 'ಹಿಟ್ ಫಾರ್ ಸಿಕ್ಸ್' ನಮ್ಮ ವಿದ್ಯಾರ್ಥಿಗಳಿಗೆ ಅಮೆರಿಕದವರಿಗಿಂತ ಬೇಗ ಹತ್ತುತ್ತವೆ. ಬೆಂಗಳೂರಿನ ಕಚೇರಿಗಳಿಗೆ ಈಗ ಬರುತ್ತಿರುವುದು ಬೇಸ್‌ಬಾಲಿನ ನುಡಿ. 'ಹ್ಯಾವ್ ಎ ಲಾಟ್ ಆನ್ ಒನ್ಸ್ ಪ್ಲೇಟ್' ಎಂಬಲ್ಲಿನದು ಊಟದ ತಟ್ಟೆ; 'ಸ್ಟೆಪ್ ಅಪ್ ಟು ದಿ ಪ್ಲೇಟ್' ಎಂಬಲ್ಲಿನದು ಬ್ಯಾಟು ಹಿಡಿದವರು ನಿಲ್ಲುವ ಜಾಗದ ಗುರುತು, ಹೊಣೆ ಹೊರಲು ಮುಂದೆ ಬರುವುದೆಂದು ಅದರ ಅರ್ಥ. ಎರಡನ್ನೂ ತಟ್ಟೆಯೆಂದೇ ತಿಳಿದವರಿಗೆ ಎರಡನೆಯದು ಊಟಕ್ಕೆ ಕರೆದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ಕೊನೆಯದಾಗಿ, ಪ್ರಯೋಗ ನಡೆಸಹೊರಟವರಿಗೆ ಒಂದು ಮಾತು. 'ಕನ್ನಡ ಬಲ್ಲ ಕಲಿಯುವವರು' ಎಂದು ನಾನು ಇಲ್ಲಿಯವರೆಗೆ ಒಂದೇ ಗುಂಪಿನಂತೆ ಬರೆದಿದ್ದೇನೆ. ಮಂಗಳೂರಿನ ತರಗತಿಯಲ್ಲಿ ಕುಳಿತವರ ಮನೆಮಾತು ತುಳು, ಕೊಂಕಣಿ, ಬ್ಯಾರಿ ಇರಬಹುದು. ಕಲಬುರಗಿಯಲ್ಲಿ ದಖನಿ ಉರ್ದು, ಬಳ್ಳಾರಿಯಲ್ಲಿ ತೆಲುಗು. ಅವರು ಕನ್ನಡವನ್ನು ಓದಿಬರೆಯುವ ಭಾಷೆಯಾಗಿ ಚೆನ್ನಾಗಿಯೇ ಬಲ್ಲರು. 'ಬಿಟ್ ಹರ್ ಟಂಗ್' ಎಂದು ಓದಿದಾಗ ಅವರಲ್ಲಿ ಮೊದಲು ಎಚ್ಚರಗೊಳ್ಳುವುದು ಯಾವ ಭಾಷೆಯ ನಾಲಿಗೆ ಎಂಬುದು ತೆರೆದ ಪ್ರಶ್ನೆ. ಆದ್ದರಿಂದ ಪ್ರಶ್ನಾವಳಿಯ ಮೊದಲ ಪುಟದಲ್ಲಿ ಮನೆಮಾತು ಮತ್ತು ಶಾಲೆಯ ಮಾಧ್ಯಮ ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಪ್ರತಿ ಜೋಡಿಯ ಕನ್ನಡ ನುಡಿಗಟ್ಟು ಆ ವ್ಯಕ್ತಿಗೆ ನಿಜಕ್ಕೂ ಗೊತ್ತಿದೆಯೇ ಎಂಬುದನ್ನು ಪ್ರಯೋಗ ಮುಗಿದ ಬಳಿಕ, ಮೊದಲೇ ಅಲ್ಲ, ಪರಿಶೀಲಿಸಬೇಕು.